ಡೇಜಾನ್‌ನ ಐದನೇ ಮಹಡಿ

ದಕ್ಷಿಣ ಕೊರಿಯಾ ಸರ್ಕಾರದ ಕಂಪ್ಯೂಟರ್ ವ್ಯವಸ್ಥೆಗಳ ದೊಡ್ಡ ಪಾಲು ಇರುವುದು ಡೇಜಾನ್ ನಗರದ ಡೇಟಾ ಸೆಂಟರಿನಲ್ಲಿ. 2025ರ ಸೆಪ್ಟೆಂಬರ್ 26ರ ರಾತ್ರಿ ಅದರ ಐದನೇ ಮಹಡಿಗೆ ಬೆಂಕಿ ಬಿತ್ತು. ಮೊದಲು ಹೊತ್ತಿಕೊಂಡದ್ದು ಕಂಪ್ಯೂಟರ್ ಅಲ್ಲ, ಕರೆಂಟ್ ಹೋದಾಗ ಕೈಹಿಡಿಯಲೆಂದು ಇಟ್ಟಿದ್ದ ಯುಪಿಎಸ್‌ನ ಲಿಥಿಯಂ ಬ್ಯಾಟರಿ. ಅದೂ ಯಾವಾಗ? ಸರ್ವರ್‌ಗಳ ಪಕ್ಕ ಬ್ಯಾಟರಿ ಇರುವುದು ಅಪಾಯವೆಂದು ಅವನ್ನು ನೆಲಮಾಳಿಗೆಗೆ ಸಾಗಿಸುವ ಕೆಲಸ ನಡೆಯುತ್ತಿದ್ದಾಗ!

ನೆಲಮಾಳಿಗೆಯಾದರೂ ಕ್ಷೇಮವೇ? 2022ರ ಅಕ್ಟೋಬರ್ 15ರಂದು ಅದೇ ದೇಶದ ಪಾಂಗ್ಯೊದಲ್ಲಿ ಇನ್ನೊಂದು ಡೇಟಾ ಸೆಂಟರಿಗೆ ಬೆಂಕಿ ಬಿದ್ದಿತ್ತು. ಅಲ್ಲಿನವರು ಸಂದೇಶಕ್ಕೆ ಬಳಸುವ ಕಾಕಾವ್‌ಟಾಕ್ ಆ್ಯಪ್ ನಿಂತುಹೋಗಿ ಟ್ಯಾಕ್ಸಿ ಕರೆಯಲೂ ಹಣ ಕೊಡಲೂ ಆಗದೆ ಜನ ಪೇಚಾಡಿದರು. ಅಲ್ಲಿ ಬೆಂಕಿ ಶುರುವಾದದ್ದು ನೆಲಮಾಳಿಗೆಯ ಬ್ಯಾಟರಿ ಕೋಣೆಯಿಂದಲೇ.

ಡೇಜಾನ್‌ನಲ್ಲಿ ನಿಂತ ವ್ಯವಸ್ಥೆಗಳು 647 ಎಂದು ಮೊದಲ ಲೆಕ್ಕ. ನೇರವಾಗಿ ಬೆಂಕಿಗೆ ಸಿಕ್ಕಿದ್ದು 96. ಉಳಿದ 551ಕ್ಕೆ ಏನಾಯಿತು? ಏನೂ ಆಗಲಿಲ್ಲ. ಕೋಣೆಯನ್ನು ತಂಪಾಗಿಡುವ ಯಂತ್ರಗಳು ನಿಂತವು. ಸರ್ವರ್‌ಗಳು ತಮ್ಮ ಕಾವಿಗೆ ತಾವೇ ಕೆಟ್ಟಾವು ಎಂದು ಅಧಿಕಾರಿಗಳೇ ಅವನ್ನು ಆಫ್ ಮಾಡಿದರು. ಸರ್ವರ್ ಉಂಡ ಕರೆಂಟೆಲ್ಲ ಕೊನೆಗೆ ಶಾಖವೇ ಆಗುತ್ತದೆ, ಆ ಶಾಖವನ್ನು ಹೊರದಬ್ಬಲು ಮತ್ತೆ ಕರೆಂಟ್ ಬೇಕು. 2022ರ ಜುಲೈ 19ರಂದು ಲಂಡನ್ನಿನಲ್ಲಿ ಬಿಸಿಲು 40 ಡಿಗ್ರಿ ಮುಟ್ಟಿದಾಗ ಗೂಗಲ್, ಒರಾಕಲ್ ಎರಡರ ಡೇಟಾ ಸೆಂಟರುಗಳೂ ತಂಪು ಸಾಲದೆ ಮುಗ್ಗರಿಸಿದ್ದವು. ಬೆಂಕಿಯೇ ಬೇಕೆಂದಿಲ್ಲ.

ಕರೆಂಟ್ ಹೋಗಬಾರದೆಂದು ಕಟ್ಟಿದ ಕಟ್ಟಡದಲ್ಲಿ ಬೆಂಕಿ ಬಿದ್ದಾಗ ಕರೆಂಟ್ ತೆಗೆಯುವುದು ಹೇಗೆ? ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರ ನಡುರಾತ್ರಿ ಓವಿಎಚ್ ಕಂಪನಿಯ ಐದು ಮಹಡಿಯ ಡೇಟಾ ಸೆಂಟರ್ ಸುಟ್ಟಾಗ ಅಗ್ನಿಶಾಮಕದವರಿಗೆ ಎದುರಾದದ್ದು ಇದೇ. ಒಂದು ಕಡೆ ಲೈನ್ ತೆಗೆದರೆ ಇನ್ನೊಂದು ಕಡೆ ಬ್ಯಾಟರಿ, ಜನರೇಟರ್. ಪೂರ್ತಿ ಕಡಿಯಲು ಸುಮಾರು ಮೂರು ಗಂಟೆ ಹಿಡಿಯಿತು. ಅಲ್ಲಿಯವರೆಗೆ ನೀರು ಹಾಯಿಸುವವನ ಪಾಡು! ಬ್ಯಾಕಪ್‌ಗೆಂದು ಪ್ರತ್ಯೇಕ ಹಣ ಕೊಟ್ಟಿದ್ದ ಗ್ರಾಹಕರೊಬ್ಬರ ಪ್ರತಿಯೂ ಅದೇ ಜಾಗದಲ್ಲಿದ್ದು ಬೂದಿಯಾಯಿತು. ಮನೆಯ ಎರಡನೇ ಬೀಗದ ಕೈಯನ್ನೂ ಒಳಗೇ ಇಟ್ಟು ಬಾಗಿಲು ಎಳೆದುಕೊಂಡ ಹಾಗೆ. 2023ರಲ್ಲಿ ಕೋರ್ಟು ಪರಿಹಾರ ಕೊಡಿಸಿತು, ಡೇಟಾ ಕೊಡಿಸಲು ಅದಕ್ಕೂ ಆಗಲಿಲ್ಲ.

ತಲೆ ಕೆರೆದುಕೊಳ್ಳುವಂತೆ ಮಾಡಿದ್ದು ಮಾತ್ರ ಡೇಜಾನ್‌ನಲ್ಲಿದ್ದ ಜಿ-ಡ್ರೈವ್. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಸಾಮಾನ್ಯ ಉಗ್ರಾಣ ಅದು. 858 ಟೆರಾಬೈಟ್ ಸುಟ್ಟುಹೋಯಿತು, ಬೇರೆಡೆ ಪ್ರತಿ ಇರಲಿಲ್ಲ. ಗಾತ್ರ ಬಹಳ ದೊಡ್ಡದು, ಹೊರಗೆ ಬ್ಯಾಕಪ್ ಮಾಡಲಾಗಲಿಲ್ಲ ಎಂಬ ಸಮಜಾಯಿಷಿ ಬಂತು. ಲೆಕ್ಕ ಹಾಕಿದೆ: 20 ಟೆರಾಬೈಟಿನ ಹಾರ್ಡ್ ಡಿಸ್ಕ್ 43 ಇದ್ದರೆ ಅಷ್ಟೂ ಹಿಡಿಸುತ್ತದೆ. ಡಿಸ್ಕ್ ಇದ್ದ ಮಾತ್ರಕ್ಕೆ ಬ್ಯಾಕಪ್ ಆಗುವುದಿಲ್ಲ, ಲಕ್ಷಕ್ಕೂ ಹೆಚ್ಚು ನೌಕರರು ದಿನವೂ ತಿದ್ದುವ ಕಡತಗಳನ್ನು ಬಿಡದೆ ನಕಲು ಮಾಡುತ್ತಿರಬೇಕು, ಒಪ್ಪುತ್ತೇನೆ. ಆದರೂ 43!

ಕಡತಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ಇಡಬೇಡಿ, ಜಿ-ಡ್ರೈವ್‌ನಲ್ಲೇ ಇಡಿ ಎಂದು ಹೇಳಿದ್ದು ಸರ್ಕಾರವೇ. ಸೋರಿಕೆಯ ಭಯಕ್ಕೆ ಅದು ಸರಿಯಾದ ಮದ್ದೇ. ಸಿಬ್ಬಂದಿ ನಿರ್ವಹಣೆಯ ಸಚಿವಾಲಯ ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿತು. ಎಲ್ಲರಿಗಿಂತ ಹೆಚ್ಚು ಕಳೆದುಕೊಂಡದ್ದೂ ಅದೇ. ಜಿ-ಡ್ರೈವ್ ಅಷ್ಟಾಗಿ ಬಳಸದ ಕಚೇರಿಗಳಿಗೆ ಪೆಟ್ಟು ಕಡಿಮೆ. ಕದಿಯುವವನಿಂದ ಕಾಪಾಡಲು ಎಲ್ಲವನ್ನೂ ಒಂದೆಡೆ ಸೇರಿಸಬೇಕು, ಬೆಂಕಿಯಿಂದ ಕಾಪಾಡಲು ಚದುರಿಸಬೇಕು. ಈ ಎರಡನ್ನೂ ಒಬ್ಬನೇ ಅಧಿಕಾರಿಗೆ ಒಪ್ಪಿಸಿದರೆ ಅವನು ಯಾವ ಸುತ್ತೋಲೆ ಹೊರಡಿಸಬೇಕು?

ಚದುರಿಸುವುದಕ್ಕೂ ಬೆಲೆ ಇದೆ. ಎರಡನೇ ಊರಿನಲ್ಲಿ ಸದಾ ಎಚ್ಚರವಿರುವ ಎರಡನೇ ಪ್ರತಿ ಎಂದರೆ ಇನ್ನೊಂದಿಷ್ಟು ಕರೆಂಟು. 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳು ಸುಮಾರು 415 ಟೆರಾವ್ಯಾಟ್ ಗಂಟೆ ಬಳಸಿದವು ಎನ್ನುತ್ತದೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆ. ಒಟ್ಟು ವಿದ್ಯುತ್ತಿನ ಶೇ. 1.5. ಸಣ್ಣದೆನಿಸಿದರೆ ಐರ್ಲೆಂಡ್ ನೋಡಬೇಕು, 2015ರಲ್ಲಿ ಶೇ. 5 ಇದ್ದದ್ದು 2024ಕ್ಕೆ ಶೇ. 22. ಇದರಲ್ಲಿ ಕೆಲಸ ಮಾಡಿದ ಕರೆಂಟು ಎಷ್ಟು, ಕೆಡಬಹುದಾದ ಇನ್ನೊಂದರ ಬದಲಿಗೆ ಕಾದು ಕೂತ ಕರೆಂಟು ಎಷ್ಟು? ಮೀಟರಿಗೆ ಎರಡೂ ಒಂದೇ. ಜಿ-ಡ್ರೈವ್ ಆ ಎರಡನೆಯದನ್ನು ಉಳಿಸಿತ್ತು.

ಮೇಲಧಿಕಾರಿಯ ಒಪ್ಪಿಗೆಗೆ ಹೋದ ಕಡತಗಳ ಪ್ರತಿ ಬೇರೊಂದು ವ್ಯವಸ್ಥೆಯಲ್ಲಿತ್ತು, ಅವು ಸಿಗುತ್ತವೆ ಎಂದು ನೌಕರರಿಗೆ ಹೇಳಲಾಯಿತು. ಮಿಕ್ಕಿದ್ದಕ್ಕೆ ಅವರು ಹಳೆಯ ಇ-ಮೇಲ್, ಕಂಪ್ಯೂಟರಿನ ಮೂಲೆ, ಮುದ್ರಿಸಿಟ್ಟ ಹಾಳೆಗಳನ್ನು ಜಾಲಾಡಿದರು. ಪಿಸಿಯಲ್ಲಿ ಇಡಬೇಡಿ ಎಂದರೂ ಕದ್ದು ಇಟ್ಟುಕೊಂಡಿದ್ದವನಿಗೆ ನೋಟಿಸ್ ಕೊಡಬೇಕೋ, ಭೇಷ್ ಎನ್ನಬೇಕೋ, ನನಗಂತೂ ಬಗೆಹರಿದಿಲ್ಲ.