ಬತ್ತಲಗುಂಡಿನ ಒಂದು ಸರ್ಟಿಫಿಕೇಟು

ಇ-ಆಡಳಿತದ ಪಾಠ ಬಂದಾಗ ನಾವು ಮಕ್ಕಳಿಗೆ ಮೂರು ಅನುಕೂಲ ಬರೆಸುತ್ತೇವೆ. ಸಮಯ ಉಳಿಯುತ್ತದೆ, ಲಂಚ ಕಡಿಮೆಯಾಗುತ್ತದೆ, ಕಚೇರಿಗೆ ಅಲೆಯುವುದು ತಪ್ಪುತ್ತದೆ. ಮೂರನ್ನೂ ಬರೆದರೆ ಮೂರಕ್ಕೆ ಮೂರು ಅಂಕ! ಆದರೆ ಆ ಕಂಪ್ಯೂಟರಿನ ಹಿಂದೆ ಕುಳಿತವರಿಗೆ, ಅವರ ಮೇಲಿನ ಅಧಿಕಾರಿಗಳಿಗೆ ಇದನ್ನೆಲ್ಲ ಯಾರು ಕಲಿಸಿದರು, ಏನನ್ನು ಕಲಿಸಿದರು ಎಂಬ ಪ್ರಶ್ನೆ ನಮ್ಮ ನೋಟ್ಸಿನಲ್ಲಿ ಇಲ್ಲ. ಬೇಸಿಗೆ ರಜೆಯಲ್ಲಿ ಬತ್ತಲಗುಂಡಿಗೆ ಹೋಗಿ ಬಂದ ಮೇಲೆ ಆ ಪ್ರಶ್ನೆ ನಮ್ಮನ್ನು ಬಿಡುತ್ತಿಲ್ಲ.

ತಾಳವಾಡಿ ಬೆಟ್ಟದ ಮೇಲಿನ ಕನ್ನಡ ಶಾಲೆಯ ಮೇಷ್ಟರುಗಳಿಗೆ ಅಷ್ಟು ದೂರದ ಬತ್ತಲಗುಂಡಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ತಮಿಳುನಾಡಿನಲ್ಲಿ 2006ರ ಕಾನೂನಿನ ಪ್ರಕಾರ ಎಲ್ಲ ಶಾಲೆಗಳಲ್ಲೂ ತಮಿಳು ಕಡ್ಡಾಯವಾಯಿತಲ್ಲ, ಹಾಗೆ ನಮ್ಮ ಶಾಲೆಗೂ ತಮಿಳು ಟೀಚರ್ ಬಂದರು. ಬಂದ ಮೊದಲ ದಿನವೇ ಅವರು ನಮ್ಮ ಜೊತೆ ಕನ್ನಡದಲ್ಲಿ ಮಾತಾಡಿದಾಗ ನಮಗೆಲ್ಲ ಆಶ್ಚರ್ಯ. ಅವರ ಊರು ಬತ್ತಲಗುಂಡು, ಹಿರಿಯರು ಕಂಬಂ ಕಣಿವೆಯ ಕಡೆಯವರು. ಮನೆಮಾತು ಕನ್ನಡ, ಆದರೆ ಕಲಿತ ಅಕ್ಷರ ತಮಿಳು. ಕನ್ನಡದಲ್ಲಿ ಜಗಳವಾಡಬಲ್ಲರು, ಜೋಗುಳ ಹಾಡಬಲ್ಲರು. ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಓದಲು ಮಾತ್ರ ನಮ್ಮ ಮೂರನೆಯ ತರಗತಿಯ ಮಕ್ಕಳೇ ಅವರಿಗೆ ಗುರುಗಳು. ಅವರು ಕರೆದರೆಂದು ನಾವು ಹೋದದ್ದು.

ದಿಂಬಂ ಘಾಟಿಯ 27 ತಿರುವು ಇಳಿದು, ಬಯಲಿನ ಬಿಸಿಲಲ್ಲಿ ಬಸ್ಸು ಬದಲಾಯಿಸುತ್ತಾ ಹೋದರೆ ದಿಂಡುಗಲ್ ದಾಟಿ ಕೊಡೈಕಾನಲ್ ಬೆಟ್ಟದ ಬುಡದಲ್ಲಿ ಬತ್ತಲಗುಂಡು ಸಿಗುತ್ತದೆ. ಊರು ಚಿಕ್ಕದಾದರೂ ತಮಿಳು ಸಾಹಿತ್ಯಕ್ಕೆ ದೊಡ್ಡದು. 'ಕಮಲಾಂಬಾಳ್ ಚರಿತ್ರಂ' ಬರೆದ ರಾಜಂ ಅಯ್ಯರ್, ಬಿ.ಎಸ್. ರಾಮಯ್ಯ, ಸಿ.ಸು. ಚೆಲ್ಲಪ್ಪ ಎಲ್ಲರಿಗೂ ಈ ಊರಿನ ನಂಟು. ಸುತ್ತ ತೆಂಗು, ಬಾಳೆ, ಮಲ್ಲಿಗೆ. ಟೀಚರ್ ಅವರ ಅಣ್ಣನಿಗೂ ಮಲ್ಲಿಗೆ ತೋಟ. ನಸುಕಿನಲ್ಲೇ ಮೊಗ್ಗು ಬಿಡಿಸಿ ನಿಲಕ್ಕೋಟೈ ಹೂವಿನ ಮಾರುಕಟ್ಟೆಗೆ ಮುಟ್ಟಿಸಬೇಕು. ಬಿಸಿಲೇರಿ ಮೊಗ್ಗು ಅರಳಿತೋ, ರೇಟು ಇಳಿಯಿತು. ಈ ಮನೆಯಲ್ಲಿ ಸರಕಾರಿ ಕಚೇರಿಗೆ ಹೋಗುವುದು ಎಂದರೆ ಒಂದು ದಿನದ ಹೂವು ಬಿಟ್ಟುಕೊಡುವುದು ಎಂದೇ ಲೆಕ್ಕ.

ನಾವು ಹೋದಾಗ ಮನೆಯಲ್ಲಿ ಗಡಿಬಿಡಿ. ಅಣ್ಣನ ಮಗಳು ಹನ್ನೆರಡನೆಯ ತರಗತಿ ಮುಗಿಸಿದ್ದಾಳೆ, ಒಳ್ಳೆಯ ಅಂಕ. ಇಂಜಿನಿಯರಿಂಗ್ ಕೌನ್ಸೆಲಿಂಗ್‌ಗೆ ಜಾತಿ ಸರ್ಟಿಫಿಕೇಟು ಹಾಕಬೇಕು. ಸಣ್ಣ ತರಗತಿಯಲ್ಲಿದ್ದಾಗ ಕೈಬರಹದಲ್ಲಿ ಕೊಟ್ಟಿದ್ದ ಕಾರ್ಡು ಮಾಸಿ ಅಕ್ಷರ ಅಳಿಸಿಹೋಗಿದೆ. ಹೊಸದಕ್ಕೆ ಇ-ಸೇವೈ ಕೇಂದ್ರದಲ್ಲಿ ಅರ್ಜಿ ಹಾಕಿದ್ದಾರೆ. ಅರ್ಜಿ ಗ್ರಾಮಾಡಳಿತ ಅಧಿಕಾರಿಯಿಂದ ಆರ್.ಐ.ಗೆ, ಅಲ್ಲಿಂದ ತಾಲೂಕು ಕಚೇರಿಗೆ ಕಂಪ್ಯೂಟರಿನಲ್ಲೇ ಹೋಗುತ್ತದೆ. ಹೋಯಿತು, ವಾಪಸ್ ಬಂತು. ಇನ್ನೊಮ್ಮೆ ಹಾಕಿದರು, ಮತ್ತೆ ವಾಪಸ್. ಎರಡು ಸಲವೂ ಒಂದೇ ಕಾರಣ: ದಾಖಲೆಗಳು ತಾಳೆಯಾಗುತ್ತಿಲ್ಲ.

ಏನು ತಾಳೆಯಾಗುತ್ತಿಲ್ಲ? ಅಪ್ಪನ ಹಳೆಯ ಸರ್ಟಿಫಿಕೇಟಿನಲ್ಲಿ 'ಕಪ್ಪಿಲಿಯರ್' ಎಂದಿದೆ. ಮಗಳ ಶಾಲೆಯ ಟಿ.ಸಿ.ಯಲ್ಲಿ 'ಒಕ್ಕಲಿಗರ್' ಎಂದಿದೆ. ಕಂಬಂ ಕಣಿವೆಯ ಕನ್ನಡ ಒಕ್ಕಲಿಗರನ್ನು ಅಲ್ಲಿನ ಜನ ಕಪ್ಪಿಲಿಯರ್ ಎಂದು ಕರೆಯುವುದು ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಸರಕಾರಕ್ಕೂ ಗೊತ್ತು! ತಮಿಳುನಾಡಿನ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ವೊಕ್ಕಲಿಗರ್, ವಕ್ಕಲಿಗರ್, ಒಕ್ಕಲಿಗರ್, ಕಪ್ಪಿಲಿಯರ್, ಒಕ್ಕಲಿಗ ಗೌಡ ಎಲ್ಲವೂ ಒಂದೇ ಕ್ರಮಸಂಖ್ಯೆಯ ಕೆಳಗೆ, ಒಂದೇ ಕಂಸದೊಳಗೆ ಇವೆ. ಪಟ್ಟಿ ಮಾಡಿದವರಿಗೆ ತಿಳಿದಿದ್ದ ಸಂಗತಿ ಪರದೆಯ ಮುಂದೆ ಕುಳಿತವರಿಗೆ ತಿಳಿಯಲಿಲ್ಲ ಅಷ್ಟೆ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದು ಬೇಡ. ಕೇಳಿದ್ದಕ್ಕೆ ಅಲ್ಲಿ ಸಿಕ್ಕ ಉತ್ತರ, "ಈ ಸಾಫ್ಟ್‌ವೇರ್ ಟ್ರೈನಿಂಗ್ ತಗೊಂಡಿದ್ದವರು ಟ್ರಾನ್ಸ್‌ಫರ್ ಆಗಿಬಿಟ್ಟರು ಸಾರ್."

ಈ ಮಾತು ಕೇಳಿದ ಕೂಡಲೇ ನಮಗೆ ಮೇಲೂರು ನೆನಪಾಯಿತು. ಮೇಲೂರು ಇರುವುದು ಇದೇ ಸೀಮೆಯಲ್ಲಿ, ಮಧುರೆಯ ಆಚೆ ಬದಿಗೆ. 2001ರಲ್ಲಿ ಅಲ್ಲಿ 'ಸಾರಿ' ಎಂಬ ಯೋಜನೆ ಶುರುವಾಯಿತು. ಮದ್ರಾಸಿನ ಐ.ಐ.ಟಿ., ಅಮೆರಿಕದ ಎಂ.ಐ.ಟಿ. ಮತ್ತು ಹಾರ್ವರ್ಡ್, ಎನ್-ಲಾಗ್ ಕಂಪನಿ ಎಲ್ಲರೂ ಕೈಜೋಡಿಸಿದ್ದರು. ಫೋನೇ ಸರಿಯಾಗಿಲ್ಲದ ಹಳ್ಳಿಗಳಿಗೆ ಐ.ಐ.ಟಿ.ಯವರ ನಿಸ್ತಂತು ತಂತ್ರಜ್ಞಾನದಿಂದ ಇಂಟರ್ನೆಟ್ ತಂದು ಊರೂರಲ್ಲಿ ಕಿಯಾಸ್ಕ್ ಇಟ್ಟರು. ಕಣ್ಣಿನ ಚಿತ್ರ ತೆಗೆದು ಮಧುರೆಯ ಅರವಿಂದ ಕಣ್ಣಾಸ್ಪತ್ರೆಗೆ ಕಳಿಸುತ್ತಿದ್ದರು. ಜನನ ಮರಣ ಪತ್ರ, ಜಾತಿ, ಆದಾಯ ಸರ್ಟಿಫಿಕೇಟು, ವೃದ್ಧಾಪ್ಯ ಪಿಂಚಣಿ, ಎಲ್ಲಕ್ಕೂ ಊರಿನಿಂದಲೇ ತಾಲೂಕು ಕಚೇರಿಗೆ ಅರ್ಜಿ. ಪತ್ರ ಸಿದ್ಧವಾದರೆ ಕಿಯಾಸ್ಕಿಗೆ ಸುದ್ದಿ ಬರುತ್ತಿತ್ತು, ಒಂದೇ ಸಲ ಹೋಗಿ ತಂದರೆ ಆಯಿತು. ಇಪ್ಪತ್ತು ವರ್ಷದ ಹಿಂದೆಯೇ!

ಆಮೇಲೇನಾಯಿತು? ಸರಕಾರಿ ಸೇವೆಗಳು ಕೆಲವು ಕಾಲ ಚೆನ್ನಾಗಿ ನಡೆದು ನಿಂತುಹೋದವು, ಹೆಚ್ಚಿನ ಕಿಯಾಸ್ಕುಗಳೂ ಒಂದೊಂದಾಗಿ ಬಾಗಿಲು ಹಾಕಿದವು. ತಮಿಳುನಾಡಿನ ಐ.ಎ.ಎಸ್. ಅಧಿಕಾರಿ ರಾಜೇಂದ್ರ ಕುಮಾರ್ ಮತ್ತು ಮೈಕೆಲ್ ಬೆಸ್ಟ್ ಇದನ್ನು ಅಭ್ಯಾಸ ಮಾಡಿ 2006ರಲ್ಲಿ ಬರೆದರು. ಅವರು ಕಂಡ ಮುಖ್ಯ ಕಾರಣ ಯಂತ್ರ ಕೆಟ್ಟದ್ದಲ್ಲ. ಮೇಲಿನವರ ಆಸಕ್ತಿ ಮುಂದುವರಿಯಲಿಲ್ಲ, ತರಬೇತಿ ಪಡೆದ ಸಿಬ್ಬಂದಿ ಉಳಿಯಲಿಲ್ಲ, ಆ ಕೆಲಸ ಕಚೇರಿಯ ನಿತ್ಯದ ಪದ್ಧತಿಯಾಗಿ ಬೇರೂರಲಿಲ್ಲ. ಆಸಕ್ತಿಯಿದ್ದವರು ಎದ್ದು ಹೋದ ಮೇಲೆ ಕುರ್ಚಿಗೆ ಏನೂ ನೆನಪಿರಲಿಲ್ಲ.

ನಮ್ಮ ಶಾಲೆಗಳಲ್ಲೂ ಇದೇ ಅಲ್ಲವೇ? ಒಬ್ಬ ಮೇಷ್ಟರು ಆಸಕ್ತಿಯಿಂದ ಕಂಪ್ಯೂಟರ್ ಕೋಣೆ ನಡೆಸುತ್ತಾರೆ. ಅವರಿಗೆ ವರ್ಗವಾದ ಮೇಲೆ ಬೀಗದ ಕೈ ಎಲ್ಲಿದೆ ಎಂದು ಹುಡುಕುವುದೇ ಕೆಲಸ.

ಗಡಿಯ ಆ ಕಡೆ, ಕರ್ನಾಟಕದಲ್ಲಿ, 'ಭೂಮಿ' ಉಳಿದದ್ದು ಹೇಗೆ? ಸುಮಾರು 9,000 ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, 2001ರ ಹೊತ್ತಿಗೆ ತಾಲೂಕು ಕಚೇರಿಗಳಲ್ಲಿ 15 ರೂಪಾಯಿಗೆ ಅಚ್ಚು ಹಾಕಿ ಕೊಡಲು ಶುರು ಮಾಡಿದರು. ಮುನ್ನಡೆಸಿದವರು ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿ. ಅವರನ್ನು ಬೇಗ ಎತ್ತಂಗಡಿ ಮಾಡಲಿಲ್ಲ, ಹಲವು ವರ್ಷ ಅದೇ ಕೆಲಸದಲ್ಲಿದ್ದರು. ಕಂಪ್ಯೂಟರಿನ ಮುಂದೆ ಹೊರಗಿನ ಹುಡುಗರನ್ನು ಕೂರಿಸದೆ ಗ್ರಾಮಲೆಕ್ಕಿಗರಿಗೇ ತರಬೇತಿ ಕೊಟ್ಟರು. ಹಿರಿಯ ಕಂದಾಯ ಅಧಿಕಾರಿಗಳನ್ನೂ ಕಾರ್ಯಾಗಾರಗಳಿಗೆ ಕೂರಿಸಿದರು. ಬೆರಳಚ್ಚು ಒತ್ತದೆ ದಾಖಲೆ ತಿದ್ದುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರತಿಯಲ್ಲೇ ಮುಂದೆ ಹೋಗಬೇಕು, ಬೇಕಾದವರದ್ದನ್ನು ಎತ್ತಿ ಮೇಲಿಡುವಂತಿಲ್ಲ. ಒಂದು ಪರದೆ ಗುಮಾಸ್ತರ ಕಡೆಗೆ, ಇನ್ನೊಂದು ರೈತನ ಕಡೆಗೆ. ಒಳಗೆ ಏನು ಬರೆಯುತ್ತಿದ್ದಾರೆಂದು ರೈತ ನೋಡಬಹುದು, ಅದೂ ಕನ್ನಡದಲ್ಲಿ. ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸರಕಾರ ಹೇಳಿದ ಮೇಲೆ ಹಳೆಯ ದಾರಿಗೆ ತಿರುಗಲು ಯಾರಿಗೂ ಆಗಲಿಲ್ಲ. ಹಾಗೆಂದು ಎಲ್ಲ ಚೆನ್ನ ಎನ್ನುವಂತಿಲ್ಲ. ಬೆಂಗಳೂರಿನ ಸುತ್ತ ಅಭ್ಯಾಸ ಮಾಡಿದ ಸೋಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಇದರ ಲಾಭ ಸಣ್ಣ ರೈತನಿಗಿಂತ ದೊಡ್ಡ ದುಡ್ಡಿನವರಿಗೆ ಹೆಚ್ಚು ಎಂದು 2007ರಲ್ಲೇ ಟೀಕಿಸಿದ್ದರು. ಆದರೂ ರೈತನಿಗೆ ಕಾಣುವ ಆ ಎರಡನೆಯ ಪರದೆ ನಮಗೆ ಬಹಳ ಇಷ್ಟ. ಅದನ್ನು ಯೋಚಿಸಿದವರು ಒಂದು ಸಲವಾದರೂ ಕೌಂಟರಿನ ಈ ಕಡೆ ನಿಂತಿರಬೇಕು.

ಅಧಿಕಾರಿಗಳಿಗೆ ಕಲಿಸುವ ಜಾಗಗಳಿಗೇನೂ ಕೊರತೆಯಿಲ್ಲ. ಮೈಸೂರಿನಲ್ಲಿ ಆಡಳಿತ ತರಬೇತಿ ಸಂಸ್ಥೆ ಇದೆ. ತಮಿಳುನಾಡು ಸರಕಾರದ ಕಿರಿಯ ಸಹಾಯಕರು ಬುನಾದಿ ತರಬೇತಿಗೆ ಬರುವುದು ಭವಾನಿಸಾಗರಕ್ಕೆ, ಅಂದರೆ ನಮ್ಮ ಬೆಟ್ಟದ ಕೆಳಗೇ! 2006ರಲ್ಲಿ ರಾಷ್ಟ್ರೀಯ ಇ-ಆಡಳಿತ ಯೋಜನೆ ಬಂತು, 2015ರಲ್ಲಿ ಡಿಜಿಟಲ್ ಇಂಡಿಯಾ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ 'ಮಿಷನ್ ಕರ್ಮಯೋಗಿ'ಗೆ ಒಪ್ಪಿಗೆ ಕೊಟ್ಟಿತು. ನಿಯಮ ನೋಡಿ ಕೆಲಸ ಮಾಡುವುದಲ್ಲ, ತನ್ನ ಪಾತ್ರವೇನೆಂದು ಅರಿತು ಮಾಡುವುದು ಎಂಬುದು ಅದರ ಮಾತು. ಅಧಿಕಾರಿಗಳು ಮೊಬೈಲಿನಲ್ಲೇ ಪಾಠ ನೋಡಿ ಪರೀಕ್ಷೆ ಬರೆದು ಸರ್ಟಿಫಿಕೇಟು ಪಡೆಯಬಹುದು. ನಮಗೂ ಆನ್‌ಲೈನ್ ತರಬೇತಿಗಳು ಬರುತ್ತವೆ. ವಿಡಿಯೋ ಒಂದು ಕಡೆ ಓಡುತ್ತಿರುತ್ತದೆ, ನಾವು ಇನ್ನೊಂದು ಕಡೆ ಉತ್ತರಪತ್ರಿಕೆ ತಿದ್ದುತ್ತಿರುತ್ತೇವೆ. ಓದುಗರಲ್ಲಿ ಮೇಷ್ಟರಿದ್ದರೆ ನಗುತ್ತೀರಿ, ಗೊತ್ತು. ತಹಸೀಲ್ದಾರರೂ ಮನುಷ್ಯರೇ ತಾನೇ.

ನಮ್ಮಂಥವರಿಗೆ ಇನ್ನೂ ಒಂದು ತೊಡಕಿದೆ. ಸಂವಿಧಾನದ 350ನೇ ವಿಧಿಯ ಪ್ರಕಾರ ಯಾವ ನಾಗರಿಕನೂ ತನ್ನ ಕಷ್ಟವನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಸರಕಾರಕ್ಕೆ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಅಲ್ಲಿನ ಕನ್ನಡಿಗರಿಗೆ ಸರಕಾರದ ಜೊತೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ, ಕಾಸರಗೋಡಿನ ಓದುಗರಿಗೆ ಇದು ಗೊತ್ತೇ ಇದೆ. ಕಾಗದದ ಕಾಲದಲ್ಲಿ ಈ ಹಕ್ಕಿಗೆ ಅರ್ಥವಿತ್ತು. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕೊಟ್ಟರೆ ಓದಲು ಯಾರನ್ನಾದರೂ ಹುಡುಕಬೇಕಿತ್ತು. ಈಗ ನಮ್ಮ ಕೇಂದ್ರದ ಅರ್ಜಿ ತಮಿಳು, ಇಂಗ್ಲಿಷಿನಲ್ಲಿ ಬರುತ್ತದೆ, ಕನ್ನಡಕ್ಕೆ ಖಾನೆಯೇ ಇಲ್ಲ. ಹೆಸರುಗಳ ಪಾಡಂತೂ ಕೇಳಬೇಡಿ. ತಮಿಳಿನಲ್ಲಿ ಪ-ಬ, ಕ-ಗ, ತ-ದಗಳಿಗೆ ಬೇರೆ ಬೇರೆ ಅಕ್ಷರವಿಲ್ಲ. ನಮ್ಮ ಬಸವಣ್ಣ ತಮಿಳಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದರೆ ಪಸವಣ್ಣ ಆಗಿಬಿಡುತ್ತಾನೆ. ಗಂಗಾಧರ ಕಂಕಾತರನಾಗುತ್ತಾನೆ. ತಮಿಳಿನ ತಪ್ಪಲ್ಲ ಇದು. ತಮಿಳು ಓದುವವರಿಗೆ ಅದು ಸರಿಯಾಗಿಯೇ ಕೇಳುತ್ತದೆ. ಆದರೆ ಕಂಪ್ಯೂಟರಿಗೆ ಬಸವಣ್ಣನೇ ಬೇರೆ, ಪಸವಣ್ಣನೇ ಬೇರೆ. ಗಡಿನಾಡಿನ ಅಧಿಕಾರಿಗಳ ತರಬೇತಿಯಲ್ಲಿ ಈ ಒಂದು ಸಂಗತಿಗೆ ಅರ್ಧ ಗಂಟೆ ಕೊಟ್ಟರೆ ಸಾಕು, ಎಷ್ಟೋ ಅರ್ಜಿಗಳು ವಾಪಸ್ ಬರುವುದು ತಪ್ಪುತ್ತದೆ. ಕರೆದರೆ ನಾವೇ ಹೋಗಿ ಪಾಠ ಮಾಡಿ ಬರುತ್ತೇವೆ, ಭತ್ಯೆ ಬೇಡ, ಬಸ್ ಚಾರ್ಜು ಕೊಟ್ಟರೆ ಸಾಕು!

ಇರಲಿ, ಆ ಹುಡುಗಿಯ ವಿಷಯಕ್ಕೆ ಬರೋಣ. ಮೂರನೆಯ ಸಲ ಅರ್ಜಿ ಹಾಕುವ ಮುಂಚೆ ಅಣ್ಣ ಆರ್.ಐ. ಅವರನ್ನೇ ನೋಡಿ ಬರೋಣವೆಂದರು. ಅಪ್ಲೋಡ್ ಮಾಡಲು ಉಳಿದದ್ದು ನಾಲ್ಕೇ ದಿನ. ಹಿಂದಿನ ವಾರವಷ್ಟೇ ಬೇರೆ ಕಡೆಯಿಂದ ವರ್ಗವಾಗಿ ಬಂದಿದ್ದ ಹೆಣ್ಣುಮಗಳು ಅವರು. ಹುಡುಗಿ ಹೊರಗಿನ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದಳು, ಹಿಂದಿನ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಆರ್.ಐ. ಕಾಗದ ನೋಡಿ ಹೆಚ್ಚು ಮಾತಾಡಲಿಲ್ಲ. ಮೇಜಿನ ಗಾಜಿನ ಕೆಳಗೆ ಹಿಂದುಳಿದ ವರ್ಗಗಳ ಪಟ್ಟಿ ಅಚ್ಚು ಹಾಕಿ ಇಟ್ಟಿದ್ದರು. ಬೆರಳಿಟ್ಟು ಓದುತ್ತಾ ಹೋಗಿ ಒಂದು ಕಡೆ ನಿಲ್ಲಿಸಿದರು. "ಎರಡೂ ಒಂದೇ ನಂಬರ್ ಅಲ್ವಾ, ಇದಕ್ಕೆ ಯಾಕೆ ವಾಪಸ್ ಕಳಿಸಿದ್ರು?" ಎಂದು ತಮಿಳಿನಲ್ಲಿ ತಮಗೆ ತಾವೇ ಕೇಳಿಕೊಂಡರು. ಅಪ್ಪನ ಸರ್ಟಿಫಿಕೇಟಿನಲ್ಲಿ ಇರುವಂತೆಯೇ ಹಾಕಿ, ಪಟ್ಟಿಯ ಕ್ರಮಸಂಖ್ಯೆ ನಾನು ಷರಾದಲ್ಲಿ ಬರೆಯುತ್ತೇನೆ ಎಂದರು. ಈ ಪಟ್ಟಿ ಇಟ್ಟುಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದ್ದರಾ ಮೇಡಂ ಎಂದು ನಮ್ಮ ಟೀಚರ್ ಕೇಳಿದರು. ಅವರು ನಕ್ಕು, ಇಲ್ಲಮ್ಮಾ, ಹಿಂದಿನ ಊರಿನಲ್ಲಿ ಒಬ್ಬರು ಅಜ್ಜ ಐದು ಸಲ ಬಂದು ಹೋದರು, ಅವತ್ತಿನಿಂದ ಇಟ್ಟುಕೊಂಡಿದ್ದೇನೆ ಎಂದರು.

ಮೂರನೆಯ ದಿನ ಸರ್ಟಿಫಿಕೇಟು ಮೊಬೈಲಿಗೆ ಬಂತು. ಅಣ್ಣ ಅಷ್ಟರಲ್ಲಿ ಐದು ದಿನದ ಹೂವು ಕಳೆದುಕೊಂಡಿದ್ದರು.

ಊರಿಗೆ ಬಂದ ಮೇಲೆ ನಮ್ಮ ಪ್ರವೇಶ ಪುಸ್ತಕ ತೆಗೆದು ಕುಳಿತೆವು. ಐದನೆಯ ತರಗತಿಯ ಪ್ರತಿ ಮಗುವಿನ ಹೆಸರು, ಅಪ್ಪನ ಹೆಸರು, ಜಾತಿ ಮೂರನ್ನೂ ಕನ್ನಡ, ತಮಿಳು, ಇಂಗ್ಲಿಷಿನಲ್ಲಿ ಪಕ್ಕಪಕ್ಕ ಬರೆದು, ಮನೆಯವರ ಆಧಾರ್ ಮತ್ತು ರೇಷನ್ ಕಾರ್ಡಿನ ಜೊತೆ ತಾಳೆ ನೋಡುತ್ತಿದ್ದೇವೆ. ತಮಿಳು ಖಾನೆ ಟೀಚರ್ ಅವರದ್ದು, ಕನ್ನಡ ಖಾನೆ ನಮ್ಮದು. ಇಪ್ಪತ್ತಮೂರು ಮಕ್ಕಳಲ್ಲಿ ಹನ್ನೊಂದು ಮಕ್ಕಳ ಕಾಗದಗಳಲ್ಲಿ ಹೆಸರು ಎರಡು ಮೂರು ಥರ ಸಿಕ್ಕಿದೆ. ಆರನೆಯ ತರಗತಿಯದ್ದು ಬರುವ ಶನಿವಾರ.