ಚಕ್ರದ ಹಿಂದೆ ಏನಿದೆ, ಒಮ್ಮೆ ನೋಡಿ

ಆಯುಧ ಪೂಜೆ ಬಂದರೆ ನಮ್ಮ ಕೊಕ್ಕನೂರಿನಲ್ಲಿ ಟ್ರ್ಯಾಕ್ಟರು, ಬೈಕು, ಕಾರು ಎಲ್ಲಕ್ಕೂ ಸ್ನಾನ. ಆಮೇಲೆ ಚೆಂಡುಹೂವು, ಕುಂಬಳಕಾಯಿ, ಚಕ್ರದ ಕೆಳಗೆ ನಿಂಬೆಹಣ್ಣು. ಆದರೆ ಆ ಚಕ್ರ ಬಿಚ್ಚಿ ಹಿಂದೆ ಏನಿದೆ ಅಂತ ನೋಡುವವರು ಕಡಿಮೆ. ಗಾಡಿಯನ್ನು ನಿಲ್ಲಿಸುವ ಸಾಮಾನು ಇರೋದೇ ಅಲ್ಲಿ.

ನಾವು ಅಂದರೆ ಅಣ್ಣ ತಮ್ಮ ಇಬ್ಬರು. ಒಬ್ಬ ಗದ್ದೆ ನೋಡಿಕೊಳ್ಳುತ್ತಾನೆ, ಇನ್ನೊಬ್ಬ ಪತ್ರಿಕೆಗೆ ಸುದ್ದಿ ಕಳಿಸುತ್ತಾನೆ. ಇಬ್ಬರಿಗೂ ಸೇರಿ ಒಂದು ಹಳೆಯ ಆಲ್ಟೊ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಬೆಳಿಗ್ಗೆ ನಾಲೆಯ ಕೊನೆ ಭಾಗಕ್ಕೆ ನೀರು ಬಂದಿಲ್ಲ ಅಂತ ರೈತರು ಕೂತಿದ್ದಾರೆ ಅಂದರೆ ಅದರಲ್ಲೇ ಹೋಗಬೇಕು. ಸಂಜೆ ಗೊಬ್ಬರದ ಚೀಲವೂ ಅದರಲ್ಲೇ. ರಾತ್ರಿ ಓಣಿಯಲ್ಲಿ ಯಾರಿಗಾದರೂ ಹುಷಾರಿಲ್ಲ ಅಂದರೆ ಬಾಗಿಲು ಬಡಿಯೋದೂ ನಮ್ಮ ಮನೆಯದೇ. ಹಳ್ಳಿಯಲ್ಲಿ ಒಂದು ಕಾರು ಒಬ್ಬರದಲ್ಲ, ಇದು ನಿಮಗೂ ಗೊತ್ತು.

ಕಳೆದ ಮೆಕ್ಕೆಜೋಳದ ಸುಗ್ಗಿಯಲ್ಲಿ ಹಾಗೇ ಆಯಿತು. ಪಕ್ಕದ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು. ಅವಳನ್ನೂ ಅವರತ್ತೆಯನ್ನೂ ಹಿಂದೆ ಕೂರಿಸಿಕೊಂಡು ಮಲೇಬೆನ್ನೂರು, ಹರಿಹರ ದಾಟಿ ದಾವಣಗೆರೆಗೆ ಹೊರಟೆವು. ದಾರಿಯಲ್ಲಿ ಒಂದು ಕಡೆ ರಸ್ತೆಯ ಎಡ ಅರ್ಧದಲ್ಲಿ ಜೋಳ ಹರವಿ, ಅಂಚಿಗೆ ಕಲ್ಲು ಇಟ್ಟಿದ್ದರು. ಬ್ರೇಕ್ ಒತ್ತಿದರೆ ಗಾಡಿ ನೆಟ್ಟಗೆ ನಿಲ್ಲುವ ಬದಲು ಎಡಕ್ಕೆ, ಕಲ್ಲಿನ ಕಡೆಗೇ ಎಳೆಯಿತು. ಟೈರಿನ ಅಡಿ ಕಾಳು ಸಿಕ್ಕರೆ ಗೋಲಿ ಮೇಲೆ ಹೋದಂತೆ. ಸ್ಟೇರಿಂಗ್ ಬಿಗಿ ಹಿಡಿದು ದಾಟಿಸಿದೆವು. ಆಸ್ಪತ್ರೆ ಮುಟ್ಟಿದೆವು, ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ನಮಗೆ ಮಾತ್ರ ಬೆಳಗಿನ ತನಕ ನಿದ್ದೆ ಬರಲಿಲ್ಲ.

ಮರುದಿನ ಒಂದು ಗ್ಯಾರೇಜಿಗೆ ಗಾಡಿ ಬಿಟ್ಟೆವು. ಮಧ್ಯಾಹ್ನ ಫೋನ್ ಬಂತು. ನಾಲ್ಕೂ ಚಕ್ರದ ಬ್ರೇಕು, ನಾಲ್ಕೂ ಶಾಕಪ್ಪು, ಬುಷ್ಷು, ಎಲ್ಲ ಹೊಸದು ಹಾಕಬೇಕು ಅಂದರು. ಯಾಕೆ ಎಡಕ್ಕೆ ಎಳೀತದೆ ಅಂತ ಕೇಳಿದೆವು. "ಹಳೇದಾಗೈತಿ ಸರ್" ಅಂದರು. ಸುದ್ದಿ ಬರೆಯುವವನಿಗೆ ಈ ಉತ್ತರ ಸಾಲದು. ಬಸ್ಸು ಪಲ್ಟಿಯಾಯಿತು ಅಂತ ಬರೆದರೆ ಡೆಸ್ಕಿನವರು ಮೊದಲು ಕೇಳೋದು ಯಾಕೆ ಅಂತ. ಸುದ್ದಿಗೆ ಇಷ್ಟು ಅಂತ ದುಡ್ಡು ಎಣಿಸುವ ನಮಗೆ ಆ ಬಿಲ್ಲು ಕೂಡ ದೊಡ್ಡದೇ. ಗಾಡಿ ಮನೆಗೆ ನಿಧಾನ ತಂದು, ಭಾನುವಾರ ನಾವೇ ಬಿಚ್ಚಿ ನೋಡೋಣ ಅಂತ ತೀರ್ಮಾನ ಮಾಡಿದೆವು. ಅಣ್ಣ ಟ್ರ್ಯಾಕ್ಟರ್ ಕೆಲಸ ಬಲ್ಲವನು, ಪಾನ ಹಿಡಿದ ಕೈ.

ಜಾಗ ಮೊದಲು. ಮಣ್ಣಿನ ಮೇಲೆ ಜಾಕ್ ಹಾಕಿದರೆ ಅದು ಇಳಿಯುತ್ತದೆ. ನಾವು ಸಿಮೆಂಟಿನ ಕಣದಲ್ಲಿ ನಿಲ್ಲಿಸಿದೆವು. ಮುಂದಿನ ಚಕ್ರ ಬಿಚ್ಚುವಾಗ ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು. ಹಿಂದಿನ ಚಕ್ರಕ್ಕೆ ಹೋದಾಗ ಡ್ರಮ್ ಹೊರಬರಲು ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಆಗ ಗಾಡಿಯನ್ನು ಗೇರಿನಲ್ಲಿಟ್ಟು ಮುಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಜಾಕ್ ಇರೋದು ಗಾಡಿ ಎತ್ತೋಕೆ, ಹಿಡಿಯೋಕಲ್ಲ. ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಇಟ್ಟಿಗೆ, ಹಾಲೊ ಬ್ಲಾಕ್ ಇಡಬೇಡಿ, ಅವು ಹೇಳದೆ ಕೇಳದೆ ಒಡೆಯುತ್ತವೆ. ಬಿಚ್ಚಿದ ಚಕ್ರವನ್ನೂ ಗಾಡಿಯ ಅಡಿಗೆ ಮಲಗಿಸಿ. ಸ್ಟ್ಯಾಂಡ್ ಜಾರಿದರೂ ಗಾಡಿ ಮನುಷ್ಯನ ಮೇಲೆ ಬೀಳದೆ ಚಕ್ರದ ಮೇಲೆ ಕೂರುತ್ತದೆ.

ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡಿಸ್ಕ್ ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆ. ಅದರ ಎರಡೂ ಬದಿಗೆ ಒಂದೊಂದು ಪ್ಯಾಡ್. ಪೆಡಲ್ ಒತ್ತಿದರೆ ಆಯಿಲ್ ಹೋಗಿ ಪಿಸ್ಟನ್ ತಳ್ಳುತ್ತದೆ, ಪಿಸ್ಟನ್ ಒಳಗಿನ ಪ್ಯಾಡನ್ನು ತಳ್ಳುತ್ತದೆ. ಇವನ್ನೆಲ್ಲ ಹಿಡಿದಿರುವ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಇಕ್ಕಳ ಹಿಡಿದಂತೆ ತಟ್ಟೆ ನಿಲ್ಲುತ್ತದೆ.

ಎಡಗಡೆ ಬಿಚ್ಚಿದೆವು, ಎರಡೂ ಪ್ಯಾಡ್ ಒಂದೇ ಸಮ ಸವೆದಿದ್ದವು. ಬಲಗಡೆ ಬಿಚ್ಚಿದೆವು. ಒಳಗಿನ ಪ್ಯಾಡ್ ಚಪ್ಪಲಿಯ ಹಳೇ ಅಟ್ಟೆಯಷ್ಟು ತೆಳುವಾಗಿತ್ತು, ಹೊರಗಿನದು ಇನ್ನೂ ದಪ್ಪ ಇತ್ತು. ಕ್ಯಾಲಿಪರ್ ಕೈಯಲ್ಲಿ ಅಲ್ಲಾಡಿಸಿದರೆ ಜಾರಲಿಲ್ಲ. ಪಿನ್ ಕಿತ್ತು ನೋಡಿದರೆ ತುಕ್ಕು, ಒಣಗಿದ ಕೆಸರು. ಆ ಪಿನ್ನಿಗೆ ಹಾಕುವ ಸಣ್ಣ ರಬ್ಬರ್ ಟೋಪಿ ಹರಿದಿತ್ತು. ನಾಟಿ ಕಾಲದಲ್ಲಿ ಕೇಜ್ ವೀಲ್ ಟ್ರ್ಯಾಕ್ಟರುಗಳು ನಮ್ಮ ರಸ್ತೆಗೆ ಗದ್ದೆಯನ್ನೇ ತಂದು ಹಾಕುತ್ತವೆ. ಆ ಕೆಸರು ನೀರು ಹರಿದ ಟೋಪಿಯಿಂದ ಒಳಗೆ ಹೋಗಿ ಪಿನ್ನನ್ನು ಹಿಡಿದಿತ್ತು. ಬಲಗಡೆ ಅರ್ಧ ಬ್ರೇಕು, ಎಡಗಡೆ ಪೂರ್ತಿ ಬ್ರೇಕು. ಗಾಡಿ ಎಡಕ್ಕೆ ಎಳೆಯದೆ ಇನ್ನೆಲ್ಲಿಗೆ ಹೋಗಬೇಕು?

ಇದೇ ನೋಡಿ ವಿಷಯ. ಆ ದಿನ ಬರೀ ಹೊಸ ಪ್ಯಾಡ್ ಹಾಕಿದ್ದರೆ ಬಿಲ್ಲೂ ಆಗುತ್ತಿತ್ತು, ಪಿನ್ನು ಹಾಗೇ ಹಿಡಿದುಕೊಂಡಿರುತ್ತಿತ್ತು. ಪಾರ್ಟ್ ಬದಲಿಸೋದು ಒಂದು ಕೆಲಸ, ಕಾರಣ ಹುಡುಕೋದು ಇನ್ನೊಂದು ಕೆಲಸ.

ಪಿನ್ನು ಉಜ್ಜಿ, ಹೊಸ ಟೋಪಿ ಹಾಕಿ, ಬ್ರೇಕಿಗೆಂದೇ ಸಿಗುವ ಗ್ರೀಸ್ ಸವರಿದೆವು. ಗ್ರೀಸು ಪ್ಯಾಡಿಗಾಗಲಿ ತಟ್ಟೆಗಾಗಲಿ ತಾಗಬಾರದು. ಪ್ಯಾಡ್ ಎರಡೂ ಚಕ್ರಕ್ಕೆ ಒಟ್ಟಿಗೇ ಬದಲಿಸಬೇಕು. ಬಿಚ್ಚಿದ ಕ್ಯಾಲಿಪರನ್ನು ಆಯಿಲ್ ಪೈಪಿನಲ್ಲಿ ನೇತಾಡಲು ಬಿಡಬೇಡಿ, ಬೈಂಡಿಂಗ್ ವೈರಿನಿಂದ ಮೇಲೆ ಕಟ್ಟಿ. ಹೊಸ ಪ್ಯಾಡ್ ದಪ್ಪ, ಪಿಸ್ಟನ್ನನ್ನು ನಿಧಾನ ಒಳಗೆ ತಳ್ಳಬೇಕು. ಆಗ ಬಾನೆಟ್ ಒಳಗಿನ ಡಬ್ಬಿಯಲ್ಲಿ ಆಯಿಲ್ ಮೇಲೇರುತ್ತದೆ, ಉಕ್ಕಿ ಚೆಲ್ಲದಂತೆ ನೋಡಿ. ಅದು ಬಣ್ಣ ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ.

ಹಿಂದಿನ ಡ್ರಮ್ಮಿನಲ್ಲಿ ಸ್ಪ್ರಿಂಗುಗಳ ಸಂತೆಯೇ ಇರುತ್ತದೆ. ಒಂದು ಕಡೆ ಪೂರ್ತಿ ಮುಗಿಸಿದ ಮೇಲೆ ಇನ್ನೊಂದು ಕಡೆ ಬಿಚ್ಚಿ, ಎಲ್ಲಿ ಯಾವುದಿತ್ತು ಅಂತ ನೋಡಿಕೊಳ್ಳಲು ಒಂದು ಮಾದರಿ ಉಳಿಯುತ್ತದೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದಬೇಡಿ, ಪಂಪಿನ ಗಾಳಿಯನ್ನೂ ಬಿಡಬೇಡಿ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕ್ಯಾನ್ಸರ್ ತರುವಂಥದ್ದು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಆಯಿಲ್ ಕೂಡ ಬದಲಿಸಿದೆವು. ಬ್ರೇಕ್ ಆಯಿಲ್ ಅಂತ ನಾವು ಕರೆದರೂ ಅದು ಎಂಜಿನ್ ಆಯಿಲ್ ತರದ್ದಲ್ಲ. ಉಪ್ಪು ಮಳೆಗಾಲದಲ್ಲಿ ಒದ್ದೆಯಾಗುವಂತೆ ಅದು ಗಾಳಿಯ ತೇವ ಹೀರುತ್ತದೆ. ಡಾಟ್ 3 ಅಂತ ಬರೆದ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು ಅಂತ ನಿಯಮ. ನೀರು ಕುಡಿದ ಮೇಲೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಧರ್ಮಸ್ಥಳಕ್ಕೆ ಹೋಗುವಾಗ ಘಾಟಿ ಇಳಿಯುತ್ತಾ ಬ್ರೇಕ್ ಮೇಲೇ ಕಾಲಿಟ್ಟರೆ ಅಷ್ಟು ಬಿಸಿ ದೂರವೇನಲ್ಲ. ಆಯಿಲ್ ಕುದ್ದರೆ ಪೈಪಿನಲ್ಲಿ ಆವಿ, ಆವಿ ಇದ್ದರೆ ಪೆಡಲ್ ನೆಲಕ್ಕೆ. ಯಾವ ಆಯಿಲ್ ಹಾಕಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಎಂಜಿನ್ ಆಯಿಲ್ ಒಂದು ಚಮಚ ಬಿದ್ದರೂ ಒಳಗಿನ ರಬ್ಬರುಗಳು ಉಬ್ಬಿ ಹಾಳಾಗುತ್ತವೆ.

ಏರ್ ತೆಗೆಯಲು ಮೂರು ಜನ ಬೇಕಾಯಿತು. ತಮ್ಮ ಡಬ್ಬಿಗೆ ಆಯಿಲ್ ಸುರಿಯುತ್ತಾ, ಅಣ್ಣ ಚಕ್ರದ ಹತ್ತಿರ ನಿಪ್ಪಲ್ ಹಿಡಿದು. ಪೆಡಲ್ ಒತ್ತಲು ಅವ್ವನನ್ನು ಕೂರಿಸಿದೆವು. ಜೀವಮಾನದಲ್ಲಿ ಮೊದಲ ಸಲ ಡ್ರೈವರ್ ಸೀಟಿನಲ್ಲಿ ಕೂತವಳು. "ಒತ್ತವ್ವಾ" ಅಂದಾಗ ಒತ್ತಿ ಹಿಡಿಯೋದು, ಅಣ್ಣ ನಿಪ್ಪಲ್ ಸಡಿಲಿಸಿ ಗುಳ್ಳೆ ಹೊರಗೆ ಬಿಟ್ಟು ಬಿಗಿ ಮಾಡೋದು, ಆಮೇಲೆ "ಬಿಡವ್ವಾ". ಬಿಗಿ ಮಾಡುವ ಮೊದಲೇ ಕಾಲು ಬಿಟ್ಟರೆ ಗಾಳಿ ಮತ್ತೆ ಒಳಗೆ. ನಾಲ್ಕೂ ಚಕ್ರ ಮುಗಿಯೋ ಹೊತ್ತಿಗೆ ಅವ್ವನೇ ಹೇಳಿದಳು, "ಈಗ ಗಟ್ಟಿ ಆತ್ ನೋಡ್ರೋ, ಮೊದ್ಲು ಬೆಣ್ಣಿ ಮ್ಯಾಲೆ ಕಾಲಿಟ್ಟಂಗಿತ್ತು." ಇದಕ್ಕಿಂತ ಚೆನ್ನಾಗಿ ಯಾವ ಮೆಕ್ಯಾನಿಕ್ಕೂ ನಮಗೆ ಹೇಳಿಲ್ಲ.

ಇನ್ನು ಶಾಕಪ್ಪು. ಗಾಡಿಯ ಮೂಲೆ ಒತ್ತಿ ಬಿಟ್ಟರೆ ಒಂದು ಸಲ ಎದ್ದು ನಿಲ್ಲಬೇಕು, ತೊಟ್ಟಿಲ ಹಾಗೆ ತೂಗಿದರೆ ಅದರ ಕಥೆ ಮುಗಿದಿದೆ. ಇದು ಬರೀ ಸೊಂಟ ನೋವಿನ ಪ್ರಶ್ನೆಯಲ್ಲ. ಟೈರು ಕುಣಿದಷ್ಟು ಹೊತ್ತು ನೆಲ ಬಿಟ್ಟಿರುತ್ತದೆ, ಆಗ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ನಮ್ಮ ಗಾಡಿಯಲ್ಲಿ ಹಿಂದಿನ ಶಾಕಪ್ಪು ಸ್ಪ್ರಿಂಗಿನಿಂದ ಬೇರೆ ಇದೆ. ಹಿಂದಿನ ಆಕ್ಸಲ್ ಅಡಿಗೆ ಇನ್ನೊಂದು ಜಾಕ್ ಕೊಟ್ಟು, ಅದು ಜೋತು ಬೀಳದಂತೆ ನೋಡಿಕೊಂಡು, ಎರಡನ್ನೂ ಮನೆಯಲ್ಲೇ ಬದಲಿಸಿದೆವು.

ಮುಂದಿನದಕ್ಕೆ ಕೈ ಹಾಕಲಿಲ್ಲ. ಮುಂದೆ ಇರೋದು ಸ್ಟ್ರಟ್. 1940ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಏರ್ಪಾಡು, ಇವತ್ತಿಗೂ ಸಣ್ಣ ಕಾರುಗಳಲ್ಲಿ ಅದೇ. ಅದರಲ್ಲಿ ಸ್ಪ್ರಿಂಗು ಶಾಕಪ್ಪಿನ ಸುತ್ತಲೇ ಅದುಮಿ ಕೂತಿರುತ್ತದೆ, ಮೇಲೆ ಒಂದು ನಟ್ಟು ಹಿಡಿದಿರುತ್ತದೆ. ಸ್ಪ್ರಿಂಗ್ ಅದುಮುವ ಸಾಧನ ಹಾಕದೆ ಆ ನಟ್ಟು ಬಿಚ್ಚಿದರೆ ಸ್ಪ್ರಿಂಗ್ ಗುಂಡಿನ ಹಾಗೆ ಹಾರುತ್ತದೆ. ಮುಖ, ಕೈ, ಕೆಲವೊಮ್ಮೆ ಜೀವ.

ಹರಿಹರದಲ್ಲಿ ನಮಗೆ ಪರಿಚಯದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. 1941ರಲ್ಲಿ ಅಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಷಿನ್ ತಯಾರಿಸುತ್ತಿದ್ದ ಕಾಲದಲ್ಲಿ ಅವರ ತಂದೆ ಅಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಮುಚ್ಚಿತು, ಕೈಕಸಬು ಮನೆಯಲ್ಲಿ ಉಳಿಯಿತು. ನಾವು ಮಾಡಿದ್ದನ್ನೆಲ್ಲ ಅವರು ಬಗ್ಗಿ ನೋಡಿದರು. "ಬ್ರೇಕ್ ಚಲೋ ಮಾಡೀರಿ. ಇದೊಂದು ನಟ್ಟು ಮಾತ್ರ ಮನ್ಯಾಗ ಮುಟ್ಟಬ್ಯಾಡ್ರಿ ತಮ್ಮಾ, ನಂಗಾ ಕೈ ನಡಗ್ತಾವು" ಅಂದರು. ಸ್ಟ್ರಟ್ಟು ಅವರೇ ಹಾಕಿದರು. ಲೋವರ್ ಆರ್ಮ್ ಬುಷ್ಷನ್ನು ಪ್ರೆಸ್ಸಿನಲ್ಲಿ ಕೂರಿಸಿದರು. ಮುಂದಿನ ಸಸ್ಪೆನ್ಷನ್ ಬಿಚ್ಚಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು ಅಂತ ದಾವಣಗೆರೆಗೆ ಕಳಿಸಿದರು. ಎಲ್ಲ ಸೇರಿದರೂ ಮೊದಲಿನ ಬಿಲ್ಲಿನ ಅರ್ಧಕ್ಕಿಂತ ಕಡಿಮೆ ಆಯಿತು.

ಹಾಗಂತ ಎಲ್ಲರೂ ಪಾನ ಹಿಡಿಯಿರಿ ಅಂತ ನಾವು ಹೇಳುತ್ತಿಲ್ಲ. ಕೈ ಪಳಗಿದವರು ಜೊತೆಗಿಲ್ಲದಿದ್ದರೆ ಬ್ರೇಕ್ ಬಿಚ್ಚಬೇಡಿ. ಆದರೆ ಗ್ಯಾರೇಜಿನಲ್ಲಿ ನಿಂತು ನೋಡಿ, ಹಳೆಯ ಸಾಮಾನು ವಾಪಸ್ ಕೇಳಿ, ಯಾಕೆ ಹೋಯಿತು ಅಂತ ಕೇಳಿ. ಕೇಳೋದಕ್ಕೆ ಡಿಪ್ಲೊಮಾ ಬೇಡ. ಒಳ್ಳೆಯ ಮೆಕ್ಯಾನಿಕ್ಕಿಗೆ ಆ ಪ್ರಶ್ನೆಯಿಂದ ಬೇಸರವಾಗುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ.

ಬ್ರೇಕ್ ಕೆಲಸ ಯಾರೇ ಮಾಡಿರಲಿ, ಗಾಡಿ ಅಲುಗಿಸುವ ಮೊದಲು ಪೆಡಲನ್ನು ಗಟ್ಟಿಯಾಗುವ ತನಕ ನಾಲ್ಕಾರು ಸಲ ಒತ್ತಿ. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತು ಖಾಲಿ ಹೋಗುತ್ತದೆ, ಅಂಗಳದ ಗೋಡೆಗೆ ಗುದ್ದುವುದು ಆಗಲೇ. ಆಮೇಲೆ ಜನ ಇಲ್ಲದ ದಾರಿಯಲ್ಲಿ ನಿಧಾನ ಓಡಿಸಿ ನಿಲ್ಲಿಸಿ ನೋಡಿ.

ನಾಳೆ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಬಾನೆಟ್ ಎತ್ತಿ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಎರಡು ಗೆರೆ ಇರುತ್ತವೆ, ಆಯಿಲ್ ಅವುಗಳ ನಡುವೆ ಇದೆಯಾ? ಚಹಾದ ಕಷಾಯದ ಬಣ್ಣಕ್ಕೆ ತಿರುಗಿದೆಯಾ? ಚಕ್ರಗಳ ಒಳಮಗ್ಗುಲಲ್ಲಿ ಎಣ್ಣೆ ಸೋರಿದ ಗುರುತು ಇದೆಯಾ? ಎರಡೇ ನಿಮಿಷದ ಕೆಲಸ, ಯಾವ ಪಾನವೂ ಬೇಡ.