ಪಟ್ಟದ ರಾಣಿಯ ಕಣ್ಣು

ಪಿತೃಪಕ್ಷವು ಕಳೆದು, ಮಹಾಲಯ ಅಮಾವಾಸ್ಯೆಯ ಸಂಜೆಯ ಇಳಿಬಿಸಿಲು ನಡುಮನೆಯ ಹೊಸ್ತಿಲನ್ನು ದಾಟುವ ಹೊತ್ತಿಗೆ, ನಮ್ಮ ಮನೆಯಲ್ಲಿ ಅಟ್ಟದ ಮೇಲಿಂದ ಒಂದು ತಗಡಿನ ಪೆಟ್ಟಿಗೆಯು ಕೆಳಗಿಳಿಯುತ್ತದೆ. ಏಣಿಯನ್ನು ಹಿಡಿದುಕೊಳ್ಳುವ ಅಧಿಕಾರವು ಯಾರದೆಂಬ ವಿಷಯದಲ್ಲಿ ಮಕ್ಕಳಿಬ್ಬರಿಗೂ ಪ್ರತಿವರ್ಷವೂ ವ್ಯಾಜ್ಯ ಹುಟ್ಟಿ, ಏಣಿಯ ಒಂದೊಂದು ಕಾಲು ಒಬ್ಬೊಬ್ಬರಿಗೆಂದು ಅವರ ಅಜ್ಜಿಯಿಂದ ತೀರ್ಪು ದೊರೆತ ಮೇಲೆಯೇ ನಾನು ಮೇಲಕ್ಕೆ ಹತ್ತತಕ್ಕದ್ದು. ಪೆಟ್ಟಿಗೆಯ ಮುಚ್ಚಳ ತೆರೆದೊಡನೆ ಒಣಗಿದ ಬೇವಿನ ಸೊಪ್ಪಿನ, ಕರ್ಪೂರದ, ಎಷ್ಟೋ ಸಲ ಒಗೆದು ಮೆತ್ತಗಾದ ಹಳೆಯ ಪಂಚೆಯ ಚೂರುಗಳ ವಾಸನೆಯೆಲ್ಲ ಬೆರೆತು ಒಂದಾಗಿ ಮೇಲೇಳುತ್ತದೆ. ಆ ವಾಸನೆಯನ್ನು ನಾನು ಬೇರೆಲ್ಲಿಯೂ ಕಂಡವನಲ್ಲ. ನನ್ನ ಪಾಲಿಗೆ ನವರಾತ್ರಿಯು ಪಂಚಾಂಗದ ಪಾಡ್ಯದಿಂದಲ್ಲ, ಅಲ್ಲಿಂದಲೇ ಆರಂಭವಾಗುತ್ತದೆ.

ಚೂರುಬಟ್ಟೆಗಳಲ್ಲಿ ಸುತ್ತಿದ ಬೊಂಬೆಗಳನ್ನು ಬಿಚ್ಚುವಾಗ ಮೊದಲು ಹೊರಗೆ ಬರಬೇಕಾದವರು ಪಟ್ಟದ ದಂಪತಿಗಳು. ನನ್ನ ಮದುವೆಯಲ್ಲಿ ಅತ್ತೆಯವರು ಮಗಳ ಮಡಿಲಿಗಿಟ್ಟು ಕಳುಹಿಸಿದ, ರಕ್ತಚಂದನದ ಮರದಲ್ಲಿ ಕೆತ್ತಿದ, ಗೇಣೆತ್ತರದ ರಾಜ ಮತ್ತು ರಾಣಿ. ಮೈಸೂರು ಸೀಮೆಯಲ್ಲಿ ಹೆಣ್ಣುಮಗಳು ತವರನ್ನು ಬಿಟ್ಟು ಹೊರಡುವಾಗ ಪಟ್ಟದ ಬೊಂಬೆಗಳನ್ನು ಜೊತೆಗೊಯ್ಯುವ ವಾಡಿಕೆ ಬಹುಕಾಲದ್ದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯ ಉತ್ಸವವನ್ನು ನೆಲೆಗೊಳಿಸಿದಂದಿನಿಂದ ದೊರೆಗಳು ಈ ದಿನಗಳಲ್ಲಿ ಸಿಂಹಾಸನವನ್ನೇರಿ ದರ್ಬಾರು ನಡೆಸುತ್ತ ಬಂದ ನಾಡಿನಲ್ಲಿ, ಪ್ರಜೆಗಳ ಮನೆಮನೆಯಲ್ಲಿಯೂ ಒಂದೊಂದು ಪುಟ್ಟ ದರ್ಬಾರು ಕೂರುವುದು ನನಗೆ ಅತ್ಯಂತ ಸಹಜವಾಗಿಯೂ ಸುಂದರವಾಗಿಯೂ ತೋರುತ್ತದೆ. 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯಲ್ಲಿಯೂ ಬೊಂಬೆಗಳಿಗೆಂದೇ ಗೊಂಬೆ ತೊಟ್ಟಿಯೆಂಬ ಅಂಕಣವೊಂದಿದೆ. ಅಲ್ಲಿಗೆ ಕರೆದೊಯ್ದಾಗ ನನ್ನ ಕಿರಿಯವನು ಸುತ್ತಲೂ ನೋಡಿ, ಇಷ್ಟೆಲ್ಲ ಬೊಂಬೆಗಳನ್ನು ಇಳಿಸುವಾಗ ಏಣಿಯನ್ನು ಯಾರು ಹಿಡಿದುಕೊಳ್ಳುತ್ತಾರೆಂದು ಕೇಳಿದನು.

ನಮ್ಮ ಮನೆಯ ಬೊಂಬೆಹಬ್ಬದಲ್ಲಿ ಇತರರ ಮನೆಯಲ್ಲಿ ಕಾಣದ ಕೆಲವು ಶಾಸ್ತ್ರಗಳುಂಟು. ಇವು ಯಾವ ಹಿರಿಯರು ವಿಧಿಸಿದವೂ ಅಲ್ಲ. ಮಕ್ಕಳ ಕೈಯಿಂದ ನಡೆದ ಅವಘಡಗಳೇ ವರ್ಷದಿಂದ ವರ್ಷಕ್ಕೆ ಉಳಿದು, ಈಗ ಬಿಡಬಾರದ ಪದ್ಧತಿಗಳಾಗಿ ನಿಂತಿವೆ. ಅವುಗಳಲ್ಲಿ ಮೊದಲನೆಯದು ಕಣ್ಣು ಬರೆಯುವ ಶಾಸ್ತ್ರ.

ಮಗಳಿಗೆ ಆಗ ನಾಲ್ಕು ವರ್ಷ. ಹಬ್ಬದ ಮೂರನೆಯ ಬೆಳಗ್ಗೆ ನನ್ನ ತಾಯಿ ದೀಪ ಹಚ್ಚಲು ಬಂದವರು, ಮೇಲಿನ ಮೆಟ್ಟಿಲಿನಲ್ಲಿ ರಾಜನೊಬ್ಬನೇ ಕುಳಿತಿರುವುದನ್ನೂ ಪಕ್ಕದ ಸ್ಥಾನ ಬರಿದಾಗಿರುವುದನ್ನೂ ಕಂಡು ಗಾಬರಿಗೊಂಡರು. ಹುಡುಕುತ್ತ ಹೋದರೆ, ಬಚ್ಚಲುಮನೆಯಲ್ಲಿ ತಾಮ್ರದ ಹಂಡೆಯ ಪಕ್ಕಕ್ಕೆ ಮಣೆ ಹಾಕಿಕೊಂಡು ಕುಳಿತ ಮಗು, ಪಟ್ಟದ ರಾಣಿಯ ನೆತ್ತಿಗೆ ಹರಳೆಣ್ಣೆಯನ್ನು ತಟ್ಟಿ, ಸೀಗೆಪುಡಿ ತಿಕ್ಕಿ, ಹಿತ್ತಾಳೆಯ ಚೊಂಬಿನಲ್ಲಿ ಮುಳುಗಿಸಿ ಅಭ್ಯಂಜನ ಮಾಡಿಸುತ್ತಿದ್ದಳು. ಜರಿಯಂಚಿನ ಸೀರೆ ಮೊಳೆಗೆ ತೂಗುಹಾಕಿತ್ತು. “ಒಂಬತ್ತು ದಿನಾನೂ ಕೂತೇ ಇರ್ತಾಳೆ ಅಜ್ಜೀ, ಎಣ್ಣೆನೀರು ಹಾಕೋದು ಬೇಡ್ವಾ?” ಎಂದು ಕೇಳಿದ ಮಗುವಿನ ಮುಖದಲ್ಲಿ ತಪ್ಪು ಮಾಡಿದವರ ಅಳುಕು ಲವಲೇಶವೂ ಇರಲಿಲ್ಲ, ಬಾಣಂತಿಗೆ ನೀರು ಹಾಕುವ ಹಿರಿಯ ಹೆಂಗಸಿನ ಗಾಂಭೀರ್ಯವಿತ್ತು. ಆದರೆ ಬೊಂಬೆಯನ್ನು ಮೇಲಕ್ಕೆತ್ತಿದಾಗ ಹಣೆಯ ಕುಂಕುಮವು ಕರಗಿ ನೀರೆಲ್ಲ ಕೆಂಪಾಗಿತ್ತು. ಮುಖದ ಮೇಲೆ ಕಣ್ಣುಗಳೇ ಇರಲಿಲ್ಲ. ಮಗು ಅದನ್ನು ಹೊರಳಿಸಿ ಹೊರಳಿಸಿ ನೋಡಿ, “ರಾಣಿ ನನ್ನ ನೋಡ್ತಾನೇ ಇಲ್ಲ” ಎಂದು ಬಿಕ್ಕಿ ಬಿಕ್ಕಿ ಅತ್ತಿತು.

ನನ್ನ ತಾಯಿ ಗದರಿಸಲಿಲ್ಲ. ರಾಣಿಯನ್ನು ಸೆರಗಿನಲ್ಲಿ ಒರಸಿ, ಕಿಟಕಿಯ ಬೆಳಕಿಗೆ ಮೊಮ್ಮಗಳನ್ನು ಕೂರಿಸಿಕೊಂಡು, ಕಾಡಿಗೆಯ ಭರಣಿಯನ್ನು ತರಿಸಿ, ತೆಂಗಿನಗರಿಯ ಕಡ್ಡಿಯೊಂದರ ತುದಿಯನ್ನು ಹಲ್ಲಿನಿಂದ ಜಜ್ಜಿ ಕುಂಚದಂತೆ ಮಾಡಿಕೊಂಡರು. ಮೊದಲು ರೆಪ್ಪೆಯ ಗೆರೆ, ಅನಂತರ ಹುಬ್ಬು, ಕಟ್ಟಕಡೆಗೆ ಪಾಪೆ. ವಯಸ್ಸಿನ ದೆಸೆಯಿಂದ ಅವರ ಕೈ ತುಸು ನಡುಗಿತಾಗಿ ಎರಡೂ ಪಾಪೆಗಳು ನಡುವೆ ನಿಲ್ಲದೆ ಒಂದೇ ಪಕ್ಕಕ್ಕೆ ಸರಿದವು. ಮೆಟ್ಟಿಲಿನ ಮೇಲೆ ಮರಳಿ ಕೂರಿಸಿದಾಗ, ಅದುವರೆಗೆ ಎದುರಿಗೆ ನೋಡುತ್ತಿದ್ದ ರಾಣಿಯು ರಾಜನ ಕಡೆಗೆ ನೋಡತೊಡಗಿದಳು. “ಇಷ್ಟು ವರ್ಷ ಬಂದವರನ್ನೆಲ್ಲ ನೋಡಿದ್ದಾಯ್ತು, ಇನ್ನು ಗಂಡನ್ನೂ ಕೊಂಚ ನೋಡ್ಲಿ ಬಿಡು” ಎಂದರು ತಾಯಿ. ಆರತಿಗೆ ಬಂದ ನೆರೆಮನೆಯ ಮುತ್ತೈದೆಯರೆಲ್ಲ ಆ ದೃಷ್ಟಿಯನ್ನು ಗುರುತಿಸಿ ಮೆಚ್ಚಿಕೊಂಡರು. ಕಾಡಿಗೆಯಾದುದರಿಂದ ವರ್ಷವಿಡೀ ಬಟ್ಟೆಯೊಳಗಿದ್ದು ಅದು ಅಳಿಸಿಹೋಗುತ್ತದೆ. ಆದಕಾರಣ ಪ್ರತಿವರ್ಷವೂ ಮಹಾಲಯ ಅಮಾವಾಸ್ಯೆಯ ಸಂಜೆ ಹೊಸದಾಗಿ ಬರೆಯಬೇಕು. ರಾಣಿಗೆ ಕಣ್ಣು ಬಂದಹೊರತು ಮಿಕ್ಕ ಬೊಂಬೆಗಳ ಸುತ್ತುಬಟ್ಟೆಯನ್ನು ಬಿಚ್ಚುವಂತಿಲ್ಲ.

ಮೆಟ್ಟಿಲುಗಳ ಸಂಖ್ಯೆ ಬೆಸವಾಗಿರಬೇಕೆಂಬುದು ನಿಯಮ. ನಮ್ಮವು ಐದು. ಕೆಳಗಿನ ಮೆಟ್ಟಿಲು ಚನ್ನಪಟ್ಟಣದ ಬೊಂಬೆಗಳಿಗೆ ಮೀಸಲು. ಆಲೆಮರದ ಬೆಳ್ಳನೆಯ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುವುದನ್ನೂ, ತಾಳೆಗರಿಯಿಂದ ತಿಕ್ಕಿದೊಡನೆ ಅದು ಕನ್ನಡಿಯಂತೆ ಹೊಳೆಯುವುದನ್ನೂ ಒಮ್ಮೆ ಅಲ್ಲಿಯ ಕೆಲಸಗಾರರ ಮುಂದೆ ಕುಳಿತು ನೋಡಿದ ಮೇಲೆ, ಈ ಬೊಂಬೆಗಳನ್ನು ಮಕ್ಕಳು ಬಾಯಿಗಿಟ್ಟರೆಂದು ನಾನು ಎಂದೂ ಕಸಿದುಕೊಂಡವನಲ್ಲ. ನಮ್ಮಲ್ಲಿರುವ ಆನೆಯೊಂದರ ಸೊಂಡಿಲಿನ ತುದಿಯಲ್ಲಿ ಎರಡು ಪುಟ್ಟ ಹಲ್ಲುಗಳ ಗುರುತಿದೆ. ಮಗಳಿಗೆ ಮೊದಲ ಹಲ್ಲು ಬಂದ ವರ್ಷದ ದಾಖಲೆಯಾಗಿ ಅದನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ಮೂರನೆಯ ಮೆಟ್ಟಿಲಿನಲ್ಲಿ ಶೆಟ್ಟಿ ಮತ್ತು ಶೆಟ್ಟಮ್ಮ. ಅವರೆದುರಿಗೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಬೇಳೆ, ಮೆಣಸು, ಬೆಲ್ಲಗಳ ಅಂಗಡಿ. ಮೂರು ವರ್ಷದ ಹಿಂದೆ ಪಂಚಮಿಯ ಮಧ್ಯಾಹ್ನ, ಎಲ್ಲರೂ ಊಟವಾಗಿ ಒರಗಿದ್ದ ವೇಳೆಯಲ್ಲಿ, ಆಗ ಎರಡು ವರ್ಷದವನಾಗಿದ್ದ ಕಿರಿಯವನು ನನ್ನ ಅಂಗಿಯನ್ನು ಹಿಡಿದೆಳೆದು, “ಅಪ್ಪಾ, ಸವಾಲಿ ಬಂತು” ಎಂದು ಪಿಸುಗುಟ್ಟಿದನು. ನೋಡಿದರೆ ಗೋಡೆಯ ಮೂಲೆಯಿಂದ ಹೊರಟ ಕಟ್ಟಿರುವೆಗಳ ಸಾಲು, ಮೆಟ್ಟಿಲಿನ ಬಿಳಿಯ ಪಂಚೆಯ ಮೇಲೆ ಕಪ್ಪುದಾರದಂತೆ ಏರಿ, ಸಿಪಾಯಿ ಬೊಂಬೆಗಳ ನಡುವೆ ಹಾದು, ಶೆಟ್ಟಿಯ ಅಂಗಡಿಯ ಬೆಲ್ಲವನ್ನು ಮುತ್ತಿ, ತಲೆಯ ಮೇಲೆ ಒಂದೊಂದು ಹರಳನ್ನು ಹೊತ್ತು ಹಿಂದಿರುಗುತ್ತಿತ್ತು. ನನ್ನ ಪತ್ನಿ ಪೊರಕೆ ತಂದಳು. ಮಗು ಎರಡೂ ತೋಳು ಚಾಚಿ ಅಡ್ಡ ನಿಂತನು. ಅಂಬಾರಿಯ ಮುಂದೆ ಪೊರಕೆ ಹಿಡಿಯುವುದುಂಟೆ! ಕೊನೆಗೆ ಗೋಡೆಯ ಮೂಲೆಯಲ್ಲಿಯೇ ಒಂದು ಚೂರು ಬೆಲ್ಲವನ್ನಿಟ್ಟು ಮೆರವಣಿಗೆಯನ್ನು ಅತ್ತ ತಿರುಗಿಸಿದೆವು. ಅಂದಿನಿಂದ ಇಂದಿನವರೆಗೆ ಪಾಡ್ಯದ ಬೆಳಗ್ಗೆ ಕಳಶಕ್ಕೆ ಪೂಜೆಯಾದೊಡನೆ ಆ ಮೂಲೆಗೆ ಬೆಲ್ಲದ ನೈವೇದ್ಯ ಸಲ್ಲುತ್ತಿದೆ. ಶೆಟ್ಟಿಯ ಅಂಗಡಿಯ ಕಡೆಗೆ ಇರುವೆಗಳು ಮತ್ತೆ ಸುಳಿದಿಲ್ಲ.

ಸರಸ್ವತಿಯ ಪೂಜೆಯ ದಿನದ ಸಂಗತಿ ಇನ್ನೊಂದು ಬಗೆಯದು. ಮೂಲಾ ನಕ್ಷತ್ರದಂದು ಪುಸ್ತಕಗಳನ್ನು ಪೀಠದ ಮೇಲಿಟ್ಟರೆ ಶ್ರವಣದಂದು ವಿಸರ್ಜನೆಯಾಗುವ ತನಕ ತೆಗೆಯುವಂತಿಲ್ಲ, ಓದುವಂತಿಲ್ಲ. ಈ ನಿಷೇಧವನ್ನು ನಮ್ಮ ಮಕ್ಕಳಷ್ಟು ಶ್ರದ್ಧೆಯಿಂದ ಪಾಲಿಸುವವರನ್ನು ನಾನು ನೋಡಿಲ್ಲ. ಲೆಕ್ಕದ ಪುಸ್ತಕವು ಎಲ್ಲಕ್ಕಿಂತ ಅಡಿಗೆ ಹೋಗಿ ಕೂರುತ್ತದೆ. ಒಂದು ವರ್ಷ ಮಗಳು ಎಲ್ಲರ ಪುಸ್ತಕಗಳನ್ನೂ ಒಟ್ಟುಗೂಡಿಸಿ, ಹಾಲಿನ ಲೆಕ್ಕದ ಪುಸ್ತಕವನ್ನೂ ಬಿಡದೆ ಜೋಡಿಸಿ, ಅಜ್ಜಿಯ ಕನ್ನಡಕವನ್ನೂ ಅವುಗಳ ನಡುವೆ ಸೇರಿಸಿಬಿಟ್ಟಿದ್ದಳು. ಅದೂ ದಿನಾ ಓದುತ್ತದೆಯಲ್ಲವೆ, ಪೂಜೆ ಬೇಡವೆ ಎಂಬುದು ಅವಳ ವಾದ. ನನ್ನ ತಾಯಿಗೆ ಇದು ತಿಳಿಯುವ ವೇಳೆಗೆ ಅಕ್ಷತೆ ಬಿದ್ದು ಮಂಗಳಾರತಿಯೂ ಆಗಿತ್ತು. ಕನ್ನಡಕವನ್ನು ತೆಗೆದುಕೊಡುತ್ತೇನೆಂದು ನಾನು ಕೈಚಾಚಿದರೆ, ದೇವಿಗೆ ಒಪ್ಪಿಸಿದ್ದನ್ನು ನಡುವೆ ತೆಗೆಯಬಾರದೆಂದು ಅವರೇ ತಡೆದರು.

ದಿನಕ್ಕೊಂದು ಅಧ್ಯಾಯವಾದರೂ ಪಾರಾಯಣ ಮಾಡದೆ ಮಲಗದ ನನ್ನ ತಾಯಿ, ಆ ಮೂರು ರಾತ್ರಿ ದೀಪದ ಮುಂದೆ ಬರಿಗಣ್ಣಿನಲ್ಲಿ ಕುಳಿತು, ಬಾಯಿಪಾಠವಾಗಿದ್ದುದನ್ನೆಲ್ಲ ನೆನೆನೆನೆದು ಮೊಮ್ಮಕ್ಕಳಿಗೆ ಕಥೆಯಾಗಿ ಹೇಳಿದರು. ಮಹಿಷನ ಕಥೆ ಮುಗಿಯಿತು; ಬನ್ನಿಮರದಲ್ಲಿ ಪಾಂಡವರು ಆಯುಧ ಬಚ್ಚಿಟ್ಟ ಕಥೆ ಮುಗಿಯಿತು; ಆಮೇಲೆ, ನಾನು ನನ್ನ ಜೀವಮಾನದಲ್ಲಿ ಕೇಳದಿದ್ದ, ಅವರು ಏಳು ವರ್ಷದ ಹುಡುಗಿಯಾಗಿದ್ದಾಗ ತಮ್ಮ ತಂದೆಯ ಹೆಗಲ ಮೇಲೆ ಕುಳಿತು ಜಂಬೂಸವಾರಿಯನ್ನು ಕಂಡ ಕಥೆ ಹೊರಬಿದ್ದಿತು. ಆನೆಗಿಂತ ಮಿಗಿಲಾಗಿ ಅವರಿಗೆ ನೆನಪಿದ್ದುದು ತಂದೆಯ ರುಮಾಲಿನ ಸುಗಂಧ. ಮಾರನೆಯ ವರ್ಷ ಮೂಲಾ ನಕ್ಷತ್ರದ ದಿನ, ಯಾರೂ ಕೇಳದಿರುವಾಗಲೇ, ತಾಯಿ ತಮ್ಮ ಕನ್ನಡಕವನ್ನು ಒರಸಿ, ಮಡಿಸಿ, ಮೊಮ್ಮಗಳ ಕೈಗೆ ಕೊಟ್ಟರು. ಅಂದಿನಿಂದ ಪ್ರತಿವರ್ಷವೂ ಕೊಡುತ್ತಾರೆ.

ಸಂಜೆಯ ವೇಳೆಗೆ ಬೀದಿಯ ಮಕ್ಕಳೆಲ್ಲ ಗುಂಪುಗೂಡಿ, “ಬೊಂಬೆ ಕೂರಿಸಿದ್ದೀರಾ?” ಎಂದು ಬಾಗಿಲುಬಾಗಿಲಿಗೆ ಬರುತ್ತಿದ್ದ ಕಾಲ ಈಗ ಕ್ಷೀಣಿಸುತ್ತಿದೆಯೆಂಬುದು ನನಗೆ ನಿಜವಾದ ವ್ಯಥೆ. ನಾನು ಬಾಲಕನಾಗಿದ್ದಾಗ ಜೇಬಿನ ತುಂಬ ಬೊಂಬೆ ಬಾಗಿನ ತುಂಬಿಕೊಂಡು ಮನೆಗೆ ಬರುತ್ತಿದ್ದೆನು: ರುಪಾಯಿಯಗಲದ ಚಕ್ಕುಲಿ, ಉಂಗುರದಷ್ಟೇ ಕೋಡುಬಳೆ, ನೆಲ್ಲಿಕಾಯಿ ಗಾತ್ರದ ಉಂಡೆ, ಕಾಗದದ ಪೊಟ್ಟಣದಲ್ಲಿ ಕಡಲೆಯ ಉಸಲಿ. ಮಕ್ಕಳ ಕೈಗೆ ತಕ್ಕ ಅಳತೆಯಲ್ಲಿ ಇಡೀ ಅಡುಗೆಮನೆಯನ್ನೇ ಕಿರಿದುಗೊಳಿಸಿದ ಆ ತಾಯಂದಿರ ವಾತ್ಸಲ್ಯವನ್ನು ನೆನೆದರೆ ಈಗಲೂ ಮನಸ್ಸು ತುಂಬಿಬರುತ್ತದೆ. ನನ್ನ ಪತ್ನಿ ಆ ಅಳತೆಯನ್ನು ಬಿಟ್ಟಿಲ್ಲ. ಈ ಸಲ ನಮ್ಮ ಮನೆಗೆ ಬಂದ ಮಕ್ಕಳು ಹನ್ನೊಂದು ಮಂದಿ.

ಇನ್ನು ಬೆಟ್ಟದ ವಿಷಯ. ಮೆಟ್ಟಿಲುಗಳ ಪಕ್ಕಕ್ಕೆ ಹಿತ್ತಾಳೆಯ ಪರಾತದಲ್ಲಿ ಜೇಡಿಮಣ್ಣಿನಿಂದ ಚಾಮುಂಡಿಬೆಟ್ಟವನ್ನು ಕಟ್ಟಿ, ರಾಗಿ ಚೆಲ್ಲಿ, ಪೈರು ಬರಿಸಿ, ಕಾಡನ್ನು ಮಾಡುವುದು ಮಕ್ಕಳ ಪಾಲಿನ ಕೆಲಸ. ಬೆಂಕಿಕಡ್ಡಿಗಳನ್ನು ಅಡ್ಡಡ್ಡಲಾಗಿ ನೆಟ್ಟರೆ ಅವೇ ಸಾವಿರ ಮೆಟ್ಟಿಲು. ಕನ್ನಡಿಯ ಚೂರು ಕೆರೆ. ಕಡಲೆಬೀಜದಷ್ಟು ಕಪ್ಪುಕಲ್ಲೊಂದು ನಂದಿ. ಈ ವರ್ಷ ಕಿರಿಯವನಿಗೆ ಪೈರಿನ ವಿಷಯದಲ್ಲಿ ತಾಳ್ಮೆ ಸಾಲದೆ, ಗಂಟೆಗೊಮ್ಮೆ ಎದ್ದು ಹೋಗಿ ನೀರೆರೆಯುತ್ತಿದ್ದನು. ಅಷ್ಟಮಿಯ ರಾತ್ರಿ ಬೆಟ್ಟವು ಮೆಲ್ಲಗೆ ಬಾಯಿಬಿಟ್ಟು, ನಂದಿಯನ್ನೂ ಮೆಟ್ಟಿಲುಗಳನ್ನೂ ಹೊತ್ತುಕೊಂಡು, ನಮ್ಮ ಕಣ್ಣೆದುರಿನಲ್ಲಿಯೇ ಕುಸಿದು ಕೆರೆಯನ್ನು ಮುಚ್ಚಿತು. ಮಗು ಅಳಲಿಲ್ಲ. ಬಹಳ ಹೊತ್ತು ನೋಡಿ, “ಬೆಟ್ಟಕ್ಕೆ ನಿದ್ದೆ ಬಂತು” ಎಂದನು.

ವಿಜಯದಶಮಿಯ ರಾತ್ರಿ ಆರತಿಯಾದ ಮೇಲೆ ರಾಜ ರಾಣಿಯರನ್ನು ಮಲಗಿಸಿದೆವು. ಕಣ್ಣು ತೆರೆದುಕೊಂಡೇ ರಾಣಿಗೆ ನಿದ್ರೆ ಹೇಗೆ ಬರುತ್ತದೆಂದು ಮಗ ತನ್ನ ಕರವಸ್ತ್ರವನ್ನು ತಂದು ಅವಳ ಮುಖಕ್ಕೆ ಹೊದಿಸಿ, ರಾಜನು ಒಬ್ಬನೇ ಎಚ್ಚರವಾಗಿರಬಾರದೆಂದು ಅದರ ಇನ್ನೊಂದು ತುದಿಯನ್ನು ಅವನ ಮೇಲೆಯೂ ಎಳೆದನು. ಮರುದಿನ ಸುತ್ತುವಾಗ ಕರವಸ್ತ್ರದ ನಡುವೆ ಕಾಡಿಗೆಯ ಎರಡು ಕಣ್ಣುಗಳು ಅಚ್ಚಾಗಿದ್ದವು. ಅದನ್ನು ಒಗೆಯಕೂಡದೆಂದು ಮಗಳು ಆಜ್ಞೆಯಿತ್ತುದರಿಂದ ಅದೂ ಪೆಟ್ಟಿಗೆಯೊಳಗೆ ಹೋಯಿತು. ಏಣಿಯ ಒಂದೊಂದು ಕಾಲನ್ನು ಒಬ್ಬೊಬ್ಬರು ಹಿಡಿದರು, ಪೆಟ್ಟಿಗೆ ಅಟ್ಟವನ್ನೇರಿತು.

ಪರಾತದ ಮಣ್ಣನ್ನು ನನ್ನ ಪತ್ನಿ ಹಿತ್ತಿಲಿನ ಕರಿಬೇವಿನ ಬುಡಕ್ಕೆ ಸುರಿದಳು. ಅದಾಗಿ ಎರಡು ವಾರ ಹಿಂಗಾರಿನ ಮಳೆ ಬಿಡದೆ ಸುರಿಯಿತು. ಮೊನ್ನೆ ಬೆಳಗ್ಗೆ ಒಗ್ಗರಣೆಗೆ ಎಸಳು ಕೀಳಲೆಂದು ಹೋದರೆ, ಬುಡದ ಸುತ್ತಲೂ ರಾಗಿಯ ಪೈರು ಗೇಣುದ್ದ ಬೆಳೆದು ನಿಂತಿದೆ. ಅದರ ನಡುವೆ, ಎಣಿಕೆಗೆ ಸಿಗದೆ ತಪ್ಪಿಸಿಕೊಂಡ ಚನ್ನಪಟ್ಟಣದ ಹುಲಿಯೊಂದು, ಹಳದಿ ಮೈಯ ಮೇಲೆ ಇಬ್ಬನಿಯನ್ನು ಹೊತ್ತು ಬಾಯಿತೆರೆದು ಕುಳಿತಿದೆ. ನಾನು ಬಗ್ಗಿ ಅದನ್ನೆತ್ತಿಕೊಳ್ಳುವಷ್ಟರಲ್ಲಿ ಹಿಂದಿನಿಂದ ಕಿರಿಯವನ ಕೂಗು ಕೇಳಿಸಿತು: “ಬೇಡ ಅಪ್ಪಾ, ಅದು ಕಾಡಿನಲ್ಲಿದೆ.”